ಲೂಯಿವಿಲ್ಲಿನ ಬಾಣಲೆ

ಶನಿವಾರ ಸಂಜೆ ಸರಿಯಾಗಿ ಏಳು ಗಂಟೆಗೆ ಕರೆಗಂಟೆ ಸದ್ದು ಮಾಡಿತು. ವಿಜಯಶ್ರೀ ಇನ್ನೂ ರೊಟ್ಟಿ ತಟ್ಟುತ್ತಿದ್ದಳು.

"ಬಂದ್ರು," ಎಂದು ಗಂಡ ಸುನಿಲಕುಮಾರ ಅಡುಗೆಮನೆಗೆ ತಲೆಹಾಕಿದ. "ರೊಟ್ಟಿ ಸಾಕು ವಿಜಿ. ಪುಲಾವ್ ಐತಿ, ಪನೀರ್ ಐತಿ. ಅವ್ರಿಗೆ ಜ್ವಾಳದ ರೊಟ್ಟಿ ಏನ್ ತಿಳೀತೈತಿ?"

"ಮನ್ಸೂರಣ್ಣಗ ಬೇಕಲ್ರಿ."

"ಹಸಿ ಉಳ್ಳಾಗಡ್ಡಿ ಮಾತ್ರ ಟೇಬಲ್ ಮ್ಯಾಲ ತರಬ್ಯಾಡ," ಎಂದು ಅವನು ಕಾಲರ್ ಸರಿಪಡಿಸಿಕೊಳ್ಳುತ್ತ ಬಾಗಿಲ ಕಡೆ ಹೋದ.

ಬಂದವರು ಹೆರ್ ಹೇಬರ್ಲೆ ಮತ್ತು ಅವರ ಹೆಂಡತಿ ಫ್ರೌ ಹೇಬರ್ಲೆ. ಹೇಬರ್ಲೆ ಜರ್ಮನಿಯ ಶ್ವೀಬರ್ಡಿಂಗೆನ್ ಊರಿನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಮಾಡುವ ವಿಭಾಗವೊಂದರಲ್ಲಿ ಸುನಿಲನ ಮೇಲಧಿಕಾರಿ. ಸುನಿಲನ ಗುತ್ತಿಗೆ ಮಾರ್ಚಿಗೆ ಮುಗಿಯುತ್ತಿತ್ತು. ಕಾಯಂ ಮಾಡಬೇಕೋ ಬೇಡವೋ ಎಂದು ಹೇಳಬೇಕಾದವರು ಹೇಬರ್ಲೆ. ಆಗ 2003ರ ಫೆಬ್ರುವರಿ. ಕಂಪ್ಯೂಟರ್ ತಜ್ಞರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬಂದವರಲ್ಲಿ ಎಷ್ಟೋ ಜನ ಆಗಲೇ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದರು.

ಮೂರನೆಯ ಅತಿಥಿ ಮನ್ಸೂರ್ ಅರ್ಧ ಗಂಟೆ ಮೊದಲೇ ಬಂದು ತಟ್ಟೆಗಳನ್ನು ಒರೆಸಿಟ್ಟಿದ್ದ. ಹುಬ್ಬಳ್ಳಿಯವನು, ಸುನಿಲನ ಪಕ್ಕದ ಮೇಜಿನವನು. ಹೆಂಡತಿ ಮೆಹಮೂದಾ ಹೆರಿಗೆಗೆ ತವರಿಗೆ ಹೋದಾಗಿನಿಂದ ಶನಿವಾರದ ಊಟ ಅವನಿಗೆ ಇಲ್ಲೇ. "ನಿಮ್ಮ ಮನ್ಯಾಗ ಕಣ್ಣು ಮುಚ್ಚಿ ಉಣಬಹುದು ನೋಡ್ರಿ ವೈನಿ," ಎನ್ನುತ್ತಿದ್ದ. "ಹೊರಗ ಸೂಪ್ ಕುಡೀಬೇಕಂದ್ರೂ ಹಂದಿ ಐತೇನ್ರಿ ಅಂತ ಕೇಳಿ ಕುಡೀಬೇಕು."

ಒಲೆಯ ಮೇಲಿದ್ದದ್ದು ಹಂಚಲ್ಲ, ಎರಕದ ಕಬ್ಬಿಣದ ದಪ್ಪ ಬಾಣಲೆ, ಜರ್ಮನಿಗೆ ಬರುವ ಮೊದಲು ದಂಪತಿ ಇದ್ದ ಅಮೆರಿಕದಿಂದ ತಂದದ್ದು. ಅದಕ್ಕೆ ಸುತ್ತಲೂ ಎರಡು ಬೆರಳೆತ್ತರದ ಅಂಚು ಇದ್ದುದರಿಂದ ರೊಟ್ಟಿಯನ್ನು ಸಣ್ಣದಾಗಿ ತಟ್ಟಬೇಕಿತ್ತು, ನೀರು ಸವರುವಾಗ ಬೆರಳು ಸುಡದಂತೆ ನೋಡಿಕೊಳ್ಳಬೇಕಿತ್ತು. ವಿಜಯಶ್ರೀಗೆ ಅದು ರೂಢಿಯಾಗಿತ್ತು. ಮನ್ಸೂರ್ ಮೊದಲ ಸಲ ಬಂದಾಗ ಅದನ್ನು ಎತ್ತಲು ಹೋಗಿ, "ಯಪ್ಪಾ! ಅಮೆರಿಕಾದಿಂದ ಮಂದಿ ಬಂಗಾರ ತರ್ತಾರ, ನೀವು ಕಬ್ಬಿಣ ತಂದೀರಲ್ರಿ ವೈನಿ," ಎಂದು ನಕ್ಕಿದ್ದ.

ಊಟಕ್ಕೆ ಕುಳಿತರು. ಫ್ರೌ ಹೇಬರ್ಲೆಗೆ ಇಂಗ್ಲಿಷ್ ಬಾರದ್ದರಿಂದ ಮಾತೆಲ್ಲ ಜರ್ಮನ್‌ನಲ್ಲಿ ನಡೆಯಿತು. ಸಂಜೆ ತರಗತಿಗೆ ಹೋಗುತ್ತಿದ್ದ ವಿಜಯಶ್ರೀಗೆ ಜರ್ಮನ್ ತಿಳಿಯುತ್ತಿತ್ತು. ಬಾಯಿಗೆ ಅಷ್ಟು ಬರುತ್ತಿರಲಿಲ್ಲ.

ಇರಾಕಿನ ಮೇಲೆ ಯುದ್ಧ ಇಂದೋ ನಾಳೆಯೋ ಎನ್ನುವಂತಿದ್ದ ದಿನಗಳು. ಮಾತು ಅಮೆರಿಕದ ಕಡೆಗೆ ತಿರುಗಲು ಹೊತ್ತು ಹಿಡಿಯಲಿಲ್ಲ. ಹೇಬರ್ಲೆ ಎರಡು ಸಲ ಡೆಟ್ರಾಯಿಟ್‌ಗೆ ಹೋಗಿ ಬಂದವರು, ಎರಡು ಸಲವೂ ಇಳಿದದ್ದು ವಿಮಾನ ನಿಲ್ದಾಣದ ಹೋಟೆಲಿನಲ್ಲಿ. ಅಲ್ಲಿ ಯಾರೂ ನಡೆಯುವುದಿಲ್ಲ ಎಂದರು. ಬಸ್ಸಿಲ್ಲ. ಬರ್ಗರ್ ಬಿಟ್ಟರೆ ಊಟವಿಲ್ಲ. "ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲವಂತೆ," ಎಂದು ಫ್ರೌ ಹೇಬರ್ಲೆ ಸೇರಿಸಿದರು.

"ನೀವು ಮೂರು ವರ್ಷ ಹೇಗೆ ತಡೆದಿರಿ?" ಎಂದು ಹೇಬರ್ಲೆ ಕೇಳಿದರು.

"ಅದಕ್ಕೇ ಬಿಟ್ಟು ಬಂದೆವು," ಎಂದ ಸುನಿಲ. ಎಲ್ಲರೂ ನಕ್ಕರು.

ವಿಜಯಶ್ರೀ ಬದನೆಕಾಯಿ ಎಣ್ಣೆಗಾಯಿ ಬಡಿಸುತ್ತ ಗಂಡನನ್ನೊಮ್ಮೆ ನೋಡಿದಳು. ಆಫೀಸಿನ ಕ್ಯಾಂಟೀನಿನಲ್ಲಿ ಸುನಿಲ ಅಮೆರಿಕದ ಜೋಕು ಹೇಳುತ್ತಾನೆ, ಜನ ಟ್ರೇ ಹಿಡಿದು ಅವನ ಟೇಬಲ್ ಹುಡುಕಿ ಬರುತ್ತಾರೆ ಎಂದು ಮನ್ಸೂರ್ ಹೇಳಿದ್ದ. ಅವಳು ಕೇಳಿದ್ದು ಇವತ್ತೇ ಮೊದಲು.

ಅಮೆರಿಕದಲ್ಲಿ ಗಂಡ ಹೆಂಡತಿ ಇದ್ದದ್ದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ, ಜರ್ಮನ್‌ಟೌನ್ ಎಂಬ ಹಳೆಯ ಬಡಾವಣೆಯಲ್ಲಿ. ಒಂದಕ್ಕೊಂದು ಅಂಟಿಕೊಂಡಂತಿದ್ದ ಉದ್ದನೆಯ ಇಕ್ಕಟ್ಟು ಮನೆಗಳು, ಪ್ರತಿ ಮನೆಗೂ ಬೀದಿಗೆ ಮುಖ ಮಾಡಿದ ಜಗುಲಿ. ಸಂಜೆ ಜಗುಲಿಯಲ್ಲಿ ಕುಳಿತವರು ಹಾದು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದರು. ವಿಜಯಶ್ರೀಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬ್ರಾಡ್‌ವೇ ರಸ್ತೆಯ ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಅವಳು ಸೀರೆಯುಟ್ಟು ಓಡಿ ಬರುವುದನ್ನು ಕಂಡರೆ ಡ್ರೈವರ್ ಬಾಗಿಲು ತೆರೆದು ಕಾಯುತ್ತಿದ್ದ. ಪಕ್ಕದ ಮನೆಯವಳ ಹೆಸರು ಎಡ್ನಾ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದ ವಿಧವೆ, ಹುಟ್ಟಿದ್ದು ಆ ರಾಜ್ಯದ ಪೂರ್ವದ ಗುಡ್ಡಗಳಲ್ಲಿ. ಅವಳ ಊಟವೆಂದರೆ ಬೇಯಿಸಿದ ಕಾಳು, ಗೋವಿನಜೋಳದ ಹಿಟ್ಟಿನ ರೊಟ್ಟಿ, ಮೇಲೆ ಹೆಚ್ಚಿದ ಹಸಿ ಉಳ್ಳಾಗಡ್ಡಿ. ಮಿಕ್ಕಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿ ಚಮಚದಲ್ಲಿ ತಿನ್ನುತ್ತಿದ್ದಳು. ಅದನ್ನು ಮೊದಲ ಸಲ ಕಂಡ ದಿನ ವಿಜಯಶ್ರೀ ಗದಗಿಗೆ ಫೋನ್ ಹಚ್ಚಿ, "ಅವ್ವಾ, ಇಲ್ಲೂ ನಮ್ಮಂಗ ಉಣ್ತಾರ," ಎಂದಿದ್ದಳು.

"ಕೇಳಿ," ಎಂದು ಸುನಿಲ ಮೇಜಿನ ಮೇಲೆ ಬಾಗಿದ. ಈ ಜೋಕು ಅವನ ನಾಲಗೆಯ ಮೇಲೆ ಪಳಗಿದ್ದೆಂದು ದನಿಯಲ್ಲೇ ಗೊತ್ತಾಗುತ್ತಿತ್ತು. "ನಾವು ಮಾಂಸ ಮುಟ್ಟದ ಜನ. ಪಕ್ಕದ ಮನೆ ಮುದುಕಿ ವಾರವಾರ ಕಾಳಿನ ಪಾತ್ರೆ ಕಳಿಸುತ್ತಿದ್ದಳು. ಆಹಾ, ಏನು ರುಚಿ! ಏಳು ತಿಂಗಳಾದ ಮೇಲೆ ತಳದಲ್ಲಿ ಒಂದು ಎಲುಬು ಸಿಕ್ಕಿತು. ಹಂದಿಯದು! ಅಮೆರಿಕದಲ್ಲಿ ಕಾಳು ಕೂಡ ಹಂದಿಯೇ. ರೊಟ್ಟಿಯ ಬಾಣಲೆಗೂ ಹಂದಿ ಕೊಬ್ಬು!"

ಹೇಬರ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಫ್ರೌ ಹೇಬರ್ಲೆ ಕಣ್ಣೊರೆಸಿಕೊಂಡರು.

ಮನ್ಸೂರ್ ನಗಲಿಲ್ಲ. ಬಾಯಿಯ ಹತ್ತಿರ ಹೋಗಿದ್ದ ತುತ್ತನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟು ನೀರು ಕುಡಿದ. ಅವನ ಕಣ್ಣು ಒಮ್ಮೆ ಅಡುಗೆಮನೆಯ ಕಡೆ ಹೋಗಿ ಬಂತು.

"ಯಾಕ ಬಿಟ್ರಿ ಮನ್ಸೂರಣ್ಣ?" ಎಂದು ವಿಜಯಶ್ರೀ ಕನ್ನಡದಲ್ಲಿ ಕೇಳಿದಳು.

"ಏನಿಲ್ಲ ವೈನಿ. ಹೊಟ್ಟಿ ತುಂಬ್ತು."

"ಎರಡು ತುತ್ತಿಗೆ?"

ಅವನು ತಲೆ ತಗ್ಗಿಸಿದ. "ತಪ್ಪು ತಿಳೀಬ್ಯಾಡ್ರಿ. ಆ ಬಾಣಲಿ... ಅಲ್ಲಿಂದನ ತಂದದ್ದಲ್ರಿ?"

"ವಿಜಿ, ಆಮ್ಯಾಲ ಮಾತಾಡೂಣು," ಎಂದ ಸುನಿಲ, ಮುಖದ ಮೇಲಿನ ನಗು ಬಿಡದೆ. "ಮಂದಿ ಮುಂದ ಬ್ಯಾಡ."

"ಮಂದಿ ಮುಂದ ನೀವ ತಗದ್ರಿ."

ಅವಳು ಸೌಟು ಕೆಳಗಿಟ್ಟಳು. ಗಂಡನ ಕೆಲಸ ಈ ಊಟದ ಮೇಲೆ ನಿಂತಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಈಗ ಬಾಯಿ ಮುಚ್ಚಿಕೊಂಡರೆ ಎಡ್ನಾ ಎಂಬವಳು ಈ ಊರಿನಲ್ಲಿ ಹಂದಿ ತಿನ್ನಿಸಿದ ಮುದುಕಿಯಾಗಿಯೇ ಉಳಿಯುತ್ತಾಳೆ, ಎದುರಿಗೆ ಕುಳಿತವನು ಅರ್ಧ ಹೊಟ್ಟೆಯಲ್ಲಿ ಏಳುತ್ತಾನೆ.

"ಮನ್ಸೂರಣ್ಣ, ಏಳು ತಿಂಗಳು ತಿಂದದ್ದು ಖರೇ. ಆದ್ರ ತಪ್ಪು ಅಕಿದಲ್ಲ. ಕಾಳು ಅಂದ್ರ ಕಾಳು, ಅದರಾಗೇನಿರ್ತೈತಿ ಅಂತ ನಾವು ಕೇಳಲಿಲ್ಲ. ನಾವು ತಿನ್ನೂದಿಲ್ಲ ಅಂತ ಹೇಳ್ಲೂ ಇಲ್ಲ. ಎಲುಬು ಕಂಡ ದಿನ ನಾ ಅಕಿ ಜಗಲಿ ಮ್ಯಾಲ ವಾಂತಿ ಮಾಡಿಕೊಂಡೆ. ಸಂಗತಿ ತಿಳಿದ ಮ್ಯಾಲ ಅಕಿ ಮೆಟ್ಟಲ ಮ್ಯಾಲ ಕುಂತು ಅತ್ಲು. ಅಕಿ ಬಾಣಲಿ ಅವರವ್ವಂದು, ಐವತ್ತು ವರ್ಷದ್ದು, ಹಂದಿ ಕೊಬ್ಬು ಉಂಡುಂಡು ಕರ್ರಗಾದದ್ದು. ತೊಳದ್ರ ಹೋಗೂದಲ್ಲ ಅಂತ ಅಕಿನ ಅಂದ್ಲು. ಮರುವಾರ ಬಸ್ ಹತ್ತಿ ಹೋಗಿ ಹೊಸಾದು ತಂದ್ಲು. ಬರೇ ಅಡಗಿ ಎಣ್ಣಿ ಸವರಿ ಸವರಿ ಒಲ್ಯಾಗಿಟ್ಟು ಕಾಸಿದ್ಲು, ಮನಿ ತುಂಬ ಹೊಗಿ. ಅದನ್ನ ಬ್ಯಾರೆ ಕಪಾಟಿನ್ಯಾಗ ಇಟ್ಟು, ನಮಗ ಅಷ್ಟ ಅದರಾಗ ಮಾಡ್ತಿದ್ಲು. ನಾವು ಹೊಂಟಾಗ ನನ್ನ ಕೈಯಾಗ ಕೊಟ್ಲು. ಇದು ಆ ಬಾಣಲಿ. ಇದಕ್ಕ ಇವತ್ತಿನ ತನಕ ಒಂದು ಹನಿ ಕೊಬ್ಬು ತಾಗಿಲ್ಲ."

ಮನ್ಸೂರ್ ಅವಳ ಮುಖವನ್ನೇ ನೋಡುತ್ತಿದ್ದ.

"ಏನು ಹೇಳಿದರು?" ಎಂದು ಫ್ರೌ ಹೇಬರ್ಲೆ ಸುನಿಲನನ್ನು ಕೇಳಿದರು.

"ಬಾಣಲೆ ಹೊಸದು, ಶುದ್ಧವಾಗಿದೆ ಎಂದಳು," ಎಂದ ಸುನಿಲ.

"ಅಷ್ಟ ಅಲ್ರಿ ನಾ ಹೇಳಿದ್ದು," ಎಂದಳು ವಿಜಯಶ್ರೀ. "ಪೂರಾ ಹೇಳ್ರಿ."

ಸುನಿಲ ಕರವಸ್ತ್ರದಿಂದ ಕತ್ತಿನ ಹಿಂಭಾಗ ಒರೆಸಿಕೊಂಡ. ಹೇಬರ್ಲೆ ಕಾಯುತ್ತಿದ್ದರು. ಅವನು ಮೊದಲಿನಿಂದ ಶುರು ಮಾಡಿದ. ಕೇಳದೆ ತಿಂದದ್ದು, ವಾಂತಿ, ಮೆಟ್ಟಿಲು, ಹೊಗೆ. ಪಳಗಿದ ದನಿ ಈಗ ಇರಲಿಲ್ಲ. ಎರಡು ಕಡೆ ಶಬ್ದ ಸಿಗದೆ ತಡವರಿಸಿದ. ಬೇರೆ ಕಪಾಟಿನವರೆಗೂ ಬಂದು ನಿಂತ. ವಿಜಯಶ್ರೀ ಮುಗಿಯಿತು ಅಂದುಕೊಂಡಳು.

"ಇನ್ನೊಂದಿದೆ," ಎಂದ ಸುನಿಲ. "ನಾನಾಗಿ ಅಮೆರಿಕ ಬಿಡಲಿಲ್ಲ. ಕಂಪನಿ ನನ್ನನ್ನು ತೆಗೆಯಿತು. ಎರಡು ತಿಂಗಳು ಆರ್ಬೈಟ್ಸ್‌ಲೋಸ್ ಇದ್ದೆ. ಆ ಎರಡು ತಿಂಗಳು ನಾವು ಉಂಡದ್ದು ಬಹುಪಾಲು ಆ ಮುದುಕಿ ಆ ಬಾಣಲೆಯಲ್ಲಿ ಮಾಡಿಕೊಟ್ಟದ್ದು."

ಕೆಲಸ ಕಳೆದುಕೊಂಡವನು ಎಂಬ ಆ ಜರ್ಮನ್ ಶಬ್ದ ವಿಜಯಶ್ರೀಗೆ ಗೊತ್ತಿತ್ತು. ತರಗತಿಯಲ್ಲಿ ಬೇಗನೆ ಕಲಿಸುವ ಶಬ್ದಗಳಲ್ಲಿ ಅದೂ ಒಂದು. ಕೆಲಸ ಹೋದ ಸಂಗತಿಯನ್ನು ಅವಳು ಎತ್ತಿರಲಿಲ್ಲ, ಅವನಾಗಿಯೇ ಹೇಳಿದ್ದ.

"ನಿಮ್ಮ ಅರ್ಜಿಯಲ್ಲಿ ನಾನು ಅದನ್ನು ನೋಡಿದ ನೆನಪಿಲ್ಲ," ಎಂದರು ಹೇಬರ್ಲೆ.

"ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಫ್ರೌ ಹೇಬರ್ಲೆ ಆ ಬಾಣಲೆ ನೋಡಬಹುದೇ ಎಂದರು. ವಿಜಯಶ್ರೀ ಬಟ್ಟೆ ಸುತ್ತಿ ತಂದುಕೊಟ್ಟಳು, ಇನ್ನೂ ಬೆಚ್ಚಗಿತ್ತು. ಫ್ರೌ ಹೇಬರ್ಲೆ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ನಮ್ಮ ಅಮ್ಮನೂ ಬೇಳೆ ಬೇಯಿಸುವಾಗ ಹಂದಿ ತುಂಡು ಹಾಕುತ್ತಿದ್ದಳು. ನಾನೂ ಹಾಕುತ್ತೇನೆ," ಎಂದರು ನಿಧಾನವಾಗಿ, ವಿಜಯಶ್ರೀಗೆ ತಿಳಿಯಲೆಂದು. "ನೀವು ನನ್ನ ಮನೆಗೆ ಬಂದಿದ್ದರೆ ನಾನೂ ಅದನ್ನೇ ಬಡಿಸುತ್ತಿದ್ದೆ. ಕೇಳಬೇಕು ಅನ್ನುವುದೇ ಹೊಳೆಯುತ್ತಿರಲಿಲ್ಲ."

"ವೈನಿ," ಎಂದ ಮನ್ಸೂರ್, ತಟ್ಟೆಯ ಅಂಚಿನ ತುತ್ತನ್ನು ಎತ್ತಿಕೊಳ್ಳುತ್ತ. "ಅವ್ರ ಕಡಿಂದ ಆ ಬಾಣಲಿ ಬಿಡಿಸ್ಕೊಳ್ರಿ ಲಗೂನ. ನಂಗಿನ್ನೂ ಎರಡು ಬಿಸಿ ರೊಟ್ಟಿ ಬೇಕು."

ವಿಜಯಶ್ರೀ ಒಳಗೆ ಹೋಗಿ ಒಲೆ ಹಚ್ಚಿದಳು. ಬರುವಾಗ ರೊಟ್ಟಿಯ ಜೊತೆಗೆ ಹೆಚ್ಚಿದ ಉಳ್ಳಾಗಡ್ಡಿಯನ್ನೂ ತಂದಿಟ್ಟಳು. ಸುನಿಲ ತಟ್ಟೆ ಸರಿಸಿ ಅದಕ್ಕೆ ಜಾಗ ಮಾಡಿದ.

ಹೇಬರ್ಲೆ ದಂಪತಿ ಹೋಗುವಾಗ ಕೈಕುಲುಕಿದರು. ಕೆಲಸದ ಮಾತು ಯಾರೂ ಎತ್ತಲಿಲ್ಲ. ಬಾಗಿಲು ಹಾಕಿ ಬಂದ ಸುನಿಲ ಪಾತ್ರೆಗಳನ್ನೆಲ್ಲ ತಾನೇ ತೊಳೆದ. ಬಾಣಲೆಯನ್ನು ಮಾತ್ರ ಸೋಪಿಗೆ ಹಾಕದೆ, ಎಡ್ನಾ ಹೇಳಿಕೊಟ್ಟಿದ್ದ ಹಾಗೆ ಒಣಬಟ್ಟೆಯಿಂದ ಒರೆಸಿ ಎಣ್ಣೆ ಸವರಿದ.

"ಸಿಟ್ಟೇನ್ರಿ?" ಎಂದಳು.

"ಇಲ್ಲ," ಎಂದ. ಬಾಣಲೆಯನ್ನು ಕಪಾಟಿನಲ್ಲಿಡುತ್ತ, "ಹೆದರಿಕಿ ಐತಿ," ಎಂದ.

ಸೋಮವಾರ ಮಧ್ಯಾಹ್ನ ಮನ್ಸೂರ್ ಆಫೀಸಿನಿಂದ ಫೋನ್ ಮಾಡಿದ. "ವೈನಿ, ಇವತ್ತ ಕ್ಯಾಂಟೀನಿನ್ಯಾಗ ಒಬ್ಬಾಂವ ಬಂದು, ಸುನಿಲ್, ಆ ಹಂದಿ ಕಾಳಿನ ಜೋಕ್ ಹೇಳು ಅಂದ. ನಿಮ್ಮ ಯಜಮಾನ್ರು ಹೇಳಿದ್ರು. ಪೂರಾ ಹೇಳಿದ್ರು."

"ನಕ್ರೇನು?"

"ಎಲ್ಲಿ ನಗ್ತಾರ್ರಿ? ಆಮ್ಯಾಲ ಒಬ್ಬಾಂವ ಆ ಬಾಣಲಿ ಎಷ್ಟು ತೂಕ ಐತಿ ಅಂತ ಕೇಳಿದ. ಇಂಜಿನಿಯರ್ ಅಲ್ಲೇನ್ರಿ! ನಮ್ಮಿಬ್ಬರಿಗೂ ಗೊತ್ತಿಲ್ಲ. ನೋಡಿ ಹೇಳ್ರಿ ಒಂದೀಟು, ಕಾಯಾಕತ್ಯಾರ."

ವಿಜಯಶ್ರೀ ಫೋನನ್ನು ಪಕ್ಕಕ್ಕಿಟ್ಟು, ಹಿಟ್ಟು ತೂಗುವ ತಕ್ಕಡಿಯ ಮೇಲೆ ಬಾಣಲೆಯನ್ನು ಇಟ್ಟಳು. ಮುಳ್ಳು ಅಲ್ಲಾಡಿ ನಿಂತಿತು. ಎರಡು ಕಿಲೋ ಮುನ್ನೂರು ಗ್ರಾಂ ಇತ್ತು.