ಜೌಗು ಎಂದು ಬರೆದ ಗದ್ದೆ

"ಅಲ್ಲೇ ನಿಲ್ಲೇ ಮುಂಡೇದೆ! ನಿನ್ ಕೆಸರು ಸಾಹೇಬ್ರ ಮೈಗೆ ಸಿಡೀತದೆ!" ಧಣಿ ಗದರಿದ.

ಮಣ್ಣಕ್ಕ ಬದುವಿನ ಮೇಲೆ ನಿಂತಳು. ಅದು ಹೆತ್ತವರು ಇಟ್ಟ ಹೆಸರಲ್ಲ. ಮಣ್ಣು ಹೊತ್ತೂ ಹೊತ್ತೂ ಕೇರಿಯವರ ಬಾಯಲ್ಲಿ ಹುಟ್ಟಿದ್ದು. ಎಮ್ಮೆ ಇಳಿದರೂ ಹೂತುಹೋಗುತ್ತಿದ್ದ ಈ ತಗ್ಗಿಗೆ ಅವಳೂ ಅವಳ ಅತ್ತೆಯೂ ಹತ್ತೊಂಬತ್ತು ಬೇಸಿಗೆ ಗುಡ್ಡದ ಮಣ್ಣು ತಂದು ಸುರಿದಿದ್ದರು. ತಳ ಗಟ್ಟಿಯಾದ ಮೇಲೆ ಬದು ಕಟ್ಟಿ, ತೂಬು ಇಟ್ಟು, ಭತ್ತ ಬೆಳೆದಿದ್ದರು. ಈಗ ಅದನ್ನು ಸರಕಾರದಿಂದ ಜಮೀನು ಅಳೆಯಲು ಬಂದ ಸಾಹೇಬರು ದಫ್ತರಿನಲ್ಲಿ ಬರೆಯಬೇಕು. ಗದ್ದೆ ಎಂದು ಬರೆದರೆ ಉಳುವವರಿಗೆ. ಜೌಗು ಎಂದು ಬರೆದರೆ ಯಾರದೂ ಅಲ್ಲ. ಅಂದರೆ, ಪಕ್ಕದಲ್ಲೇ ಇಟ್ಟಿಗೆ ಗೂಡು ಹಾಕಿ ಮಣ್ಣಿಗಾಗಿ ಬಾಯಿಬಿಡುತ್ತಿದ್ದ ಧಣಿಯದು.

ಅದಕ್ಕೆಂದೇ ನಿನ್ನೆ ಅತ್ತೆ ಸೊಸೆ ಸೇರಿ ಮೊಣಕಾಲುದ್ದ ನೀರು ತುಂಬಿಸಿದ್ದರು. ತುಂಬಿದ ಗದ್ದೆಗಿಂತ ಚೆಲುವೆ ಯಾರಿದ್ದಾಳೆ? "ಬರೋರ ಕಣ್ಣು ತಣ್ಣಗಾಗ್ಲಿ ತಾಯಿ," ಎಂದು ಅತ್ತೆ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು.

ಸಾಹೇಬರು ಮೂಗಿಗೆ ಕರ್ಚೀಫು ಹಿಡಿದರು. "ಬರೀ ನೀರು ಕಾಣ್ತಿದೆಯಲ್ಲ."

"ಇರೋದೇ ಅದು ಸ್ವಾಮಿ. ಕಪ್ಪೆ ಬಿಟ್ರೆ ಇನ್ಯಾರಿಗೂ ಆಗದ ಜೌಗು," ಎಂದ ಧಣಿ.

"ಜೌಗಲ್ಲ ಬುದ್ಧಿ, ಗದ್ದೆ," ಎಂದಳು ಮಣ್ಣಕ್ಕ.

ಸಾಹೇಬರು ಪುಸ್ತಕ ತಿರುವಿ ಓದಿದರು. "'ಜೌಗು: ನೀರು ನಿಂತು ಸಾಗುವಳಿಗೆ ಬಾರದ ತಗ್ಗು ನೆಲ.' ಏನಮ್ಮ, ನೀರು ನಿಂತಿದೆಯೋ ಇಲ್ವೋ?"

"ನಿಂತಿಲ್ಲ ಬುದ್ಧಿ, ನಾವೇ ನಿಲ್ಸಿದೀವಿ. ನಾಳೆ ನಾಟಿ."

"ನಿಲ್ಸಿದ್ದು ಅಂತ ನೀರಿನ ಹಣೇಲಿ ಬರೆದಿದೆಯಾ?"

ಬದುವಿನ ಮೇಲೇ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಜೌಗು ಅನ್ನೋ ಮಾತು ನಿಮ್ ಪುಸ್ತಕದಲ್ಲಿ ಹುಟ್ಟಿದ್ದಲ್ಲ ಕಣಪ್ಪ, ನಮ್ ಬಾಯಲ್ಲಿ ಹುಟ್ಟಿದ್ದು. ಇಟ್ಟ ಕಾಲು ವಾಪಸ್ ಕೊಡದಿದ್ರೆ ಜೌಗು, ಕೊಟ್ರೆ ಗದ್ದೆ. ಇಳಿದು ನೋಡಿ."

"ಥೂ ಮುದಿಗೂಬೆ! ಸಾಹೇಬ್ರು ಕೆಸರಿಗಿಳೀಬೇಕಾ?" ಎಂದ ಧಣಿ.

"ನೀನೇ ಇಳಿಯಪ್ಪ. ಜೌಗೇ ಆಗಿದ್ರೆ ಊರಿನ ಪೀಡೆ ಕಳೀತದೆ."

ಸಾಹೇಬರ ಹಿಂದಿದ್ದ ಜವಾನ ನಗು ತಡೆಯಲಾರದೆ ಕೆಮ್ಮಿದ. ಸಾಹೇಬರು ನಗಲಿಲ್ಲ. ಬರೆದರು. ಪುಸ್ತಕ ಮುಚ್ಚಿದರು.

"ಅಳತೆ ಸಾರ್?" ಎಂದು ಜವಾನ ಚೀಲದಿಂದ ಅಳತೆಯ ಸರಪಳಿ ತೆಗೆದ.

"ಜೌಗಿಗೆ ಎಂಥ ಅಳತೆ? ಒಳಗಿಡು."

ಮಣ್ಣಕ್ಕ ತನ್ನ ಕೈ ನೋಡಿಕೊಂಡಳು. ನಿನ್ನೆ ನೀರು ತುಂಬಿಸಲು ತೂಬು ಎತ್ತಿದ್ದು ಇದೇ ಕೈ. ಈಗ ಬಿಟ್ಟರೂ ನೀರು ಬಸಿಯಲು ಸಂಜೆಯಾಗುತ್ತದೆ. ಅಲ್ಲಿಯವರೆಗೆ ಇವರು ಕಾಯುವವರೇ? ಅವಳು ಜವಾನನ ಕೈಯಿಂದ ಸರಪಳಿಯ ತುದಿ ಕಿತ್ತುಕೊಂಡು ನೀರಿಗಿಳಿದೇಬಿಟ್ಟಳು. ನೀರು ಮೊಣಕಾಲಿಗೆ ಬಂದು ನಿಂತಿತು. ಕಾಲೆತ್ತಿದಳು, ಕಾಲು ಬಂತು. ಸರಪಳಿ ಸರಸರನೆ ಬಿಚ್ಚುತ್ತ ಹಿಂದೆ ಬಂತು. ನಡುಗದ್ದೆಯಲ್ಲಿ ತಿರುಗಿ ನಿಂತಳು.

"ನೋಡಿ ಬುದ್ಧಿ, ನಿಂತಿದೀನಿ. ಅಳೀರಿ."

"ಕೆಸರಲ್ಲೇ ಹುಟ್ಟಿದೋರು ನೀವು. ನಿಮ್ ಕಾಲಿನ ಸಾಕ್ಷಿ ಯಾರಿಗೆ ಬೇಕು? ಸರಕಾರಿ ಸರಪಳಿ ಅದು, ಬಿಡು!" ಎಂದರು ಸಾಹೇಬರು.

ಮಣ್ಣಕ್ಕ ತುದಿಯನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು.

"ನೋಡ್ತಾ ನಿಂತಿದೀಯಲ್ಲೋ," ಸಾಹೇಬರು ಜವಾನನ ಮೇಲೆ ಹರಿಹಾಯ್ದರು. "ಹೋಗು, ಕಿತ್ಕೊಂಡ್ ಬಾ!"

"ಬಾರಣ್ಣ," ಎಂದಳು ಮಣ್ಣಕ್ಕ. "ಹೆದರ್ಬೇಡ. ನಿಂದಾದ್ರೆ ಸರಕಾರಿ ಕಾಲು, ಅದರ ಸಾಕ್ಷಿ ನಡೀತದೆ. ನಡ್ಕೊಂಡೇ ಬಾ."

ಜವಾನ ಪ್ಯಾಂಟು ಮಡಚಿದ. ಒಂದು ಕಾಲು ನೀರಿನ ಮೇಲೆ ಚಾಚಿದ.

"ಇಳೀಬೇಡ ಕಣೋ!" ಧಣಿ ಕಿರುಚಿದ. "ಅಯ್ಯೋ ದಡ್ಡ, ಇಳೀಬೇಡ!"