ರಾಮದುರ್ಗದಿಂದ ಇಪ್ಪತ್ತೆರಡು

ನಿಂತಿತೇನು ಅದು, ಇಲ್ಲ, ಫೋನಿನ ಗಾಜಿಗೆ ಜೋಳದ ಹಿಟ್ಟು ಮೆತ್ತಿದೆ, ಹಿಟ್ಟಿನ ಕೆಳಗೆ ಚುಕ್ಕಿ ಸರಿಯಾಗಿ ಕಾಣದು, ಸೆರಗಿನಿಂದ ಒರೆಸಬೇಕು — ಒರೆಸಿದರೂ ನಿಂತೇ ಇದೆ, ನೀಲಿ ಚುಕ್ಕಿ, ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅದೇ ನನ್ನ ಗಂಡ, ಅವರ ಹತ್ತು ಗಾಲಿಯ ಲಾರಿ, ರಾಮದುರ್ಗದಲ್ಲಿ ಹೇರಿಕೊಂಡ ಗೋವಿನಜೋಳದ ಚೀಲಗಳು, ಎಲ್ಲ ಸೇರಿ ಅಷ್ಟೇ ಅಷ್ಟು. ಬೆಳಿಗ್ಗೆ ಮಗ ಉಮೇರ ತನ್ನ ಹಳೇ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಗೊಬ್ಬರದ ಅಂಗಡಿಗೆ ಹೋದ, ಅಮ್ಮಿ, ಅಬ್ಬಾನ ಗಾಡಿ ಎಲ್ಲೈತಿ ಅಂತ ಇದ್ರಾಗ ಕಾಣತೈತಿ, ನೋಡ್ಕೊಂತ ಕುಂದ್ರ, ನನಗ ಮ್ಯಾಲಿಂದ ಮ್ಯಾಲೆ ಫೋನ್ ಹಚ್ಚಿ ಕೇಳಬ್ಯಾಡ. ನೋಡುತ್ತಾ ಕುಳಿತರೆ ರೊಟ್ಟಿ ಯಾರು ಬಡಿಯಬೇಕು, ಸಾಹೇಬರೇ. ಚುಕ್ಕಿಯ ಪಕ್ಕ ಸಣ್ಣ ಅಕ್ಷರ, ನಿಂತಿದೆ, ಮೂರು ನಿಮಿಷ, ಕೆಳಗೆ ಇನ್ನೊಂದು ಸಾಲು, ರಾಮದುರ್ಗದಿಂದ ಇಪ್ಪತ್ತೆರಡು ಕಿಲೋಮೀಟರ್. ಕನ್ನಡ ಹಾಕಿ ಕೊಟ್ಟಿದ್ದಾನೆ, ಅಷ್ಟು ಪುಣ್ಯ. ಚಹಾಕ್ಕೆ ನಿಂತಿರಬಹುದು, ಆದರೆ ಆ ನಕಾಶೆಯಲ್ಲಿ ಅಲ್ಲಿ ಹೋಟೆಲಿಲ್ಲ, ಡೀಸೆಲ್ ಪಂಪಿಲ್ಲ, ಊರಿನ ಹೆಸರೂ ಇಲ್ಲ, ಸವದತ್ತಿ ಇನ್ನೂ ದೂರ, ಬರೀ ರಸ್ತೆಯ ಗೆರೆ, ಗೆರೆಯ ಮೇಲೆ ಚುಕ್ಕಿ. ಹಂಚು ಕಾದಿದೆ, ಒಂದು ರೊಟ್ಟಿ ಹಾಕಿ ನೋಡುತ್ತೇನೆ, ಅಷ್ಟರಲ್ಲಿ ಹೊರಟಿರುತ್ತದೆ.

ಮೊದಲಾಗಿದ್ದರೆ ಇಷ್ಟೊತ್ತಿಗೆ ಅವರ ಫೋನು ಬಂದಿರುತ್ತಿತ್ತು. ಹಲೋ ಇಲ್ಲ, ಉಂಡೆಯಾ ಅಂತಿಲ್ಲ, ಎತ್ತಿದ ಕೂಡಲೇ ಒಂದೇ ಮಾತು, ಬರ್ಕೊ. ಹದಿನಾರು ವರ್ಷ. ಲೋಡಾದ ಮೇಲೆ ಒಂದು ಸಲ, ದಾರಿಯಲ್ಲಿ ಒಂದು ಸಲ, ಖಾಲಿ ಮಾಡಿದ ಮೇಲೆ ಒಂದು ಸಲ, ಮೀಟರ್ ಎಷ್ಟು, ಡೀಸೆಲ್ ಎಷ್ಟು ಲೀಟರ್, ಎಲ್ಲಿ. ಅಂಕಿ ಓದಲು ಬರುತ್ತದೆ ಅವರಿಗೆ, ಬರೆಯಲು ಕೈ ಸಾಗದು, ಎರಡನೇ ಇಯತ್ತೆಗೆ ಸಾಲಿ ಬಿಟ್ಟು ಕ್ಲೀನರ್ ಆದವರು. ನಾನು ಸಂಗೊಳ್ಳಿಯ ಸಾಲಿಯಲ್ಲಿ ಏಳರ ತನಕ ಓದಿದವಳು, ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗ ಓದಿದ್ದೆಲ್ಲ ಒಲೆಗೆ ಹೋಯಿತು ಅಂದುಕೊಂಡಿದ್ದೆ, ಸ್ವಂತ ಲಾರಿ ಬಂದ ದಿನ ಉದ್ದನೆಯ ಪುಸ್ತಕ ತಂದು ಮುಂದಿಟ್ಟರು, ಇನ್ನ ಈ ಗಾಡಿಗೆ ನೀನ ಕ್ಲಾರ್ಕ. ಪಟ್ಟಿ ಹಿಡಿದು ಗೆರೆ ಎಳೆದು ಐದು ಕಾಲಮ್ಮು ಮಾಡಿದೆ, ತಾರೀಖು, ಊರು, ಮೀಟರ್, ಡೀಸೆಲ್, ಕೊನೆಗೆ ಷರಾ. ನಮ್ಮ ಮಾಸ್ತರರ ಹಾಜರಿ ಪುಸ್ತಕದಲ್ಲಿ ಷರಾ ಅಂತ ಒಂದು ಕಾಲಮ್ಮು ಇರುತ್ತಿತ್ತು, ಹುಡುಗ ಯಾಕೆ ಬರಲಿಲ್ಲ, ಜ್ವರವೋ ಮದುವೆಯೋ, ಅದರಲ್ಲಿ ಬರೆಯುತ್ತಿದ್ದರು, ಲಾರಿಗೂ ಒಂದಿರಲಿ ಅಂತ. ಮೊದಮೊದಲು ಪಂಚರ್, ಹರಿದ ತಾಡಪತ್ರಿ, ಅಂಥವನ್ನೇ ಬರೆದೆ. ಆಮೇಲೆ ಅಂಕಿ ಮುಗಿದರೂ ಅವರು ಫೋನು ಇಡುತ್ತಿರಲಿಲ್ಲ, ಇಲ್ಲೆ ಸೂರ್ಯಕಾಂತಿ ಹೊಲ ಎಲ್ಲಾ ಹಳದಿ ಆಗೇತಿ ನೋಡ, ಅನ್ನುವರು, ನಾನು ಇಲ್ಲಿಂದ ಹೇಗೆ ನೋಡಲಿ, ಆದರೂ ಬರೆದೆ. ಇವತ್ತ ನವಲ ಅಡ್ಡ ಬಂತು, ಬ್ರೇಕ್ ಹೊಡದೆ. ಬರೆದೆ. ನೀ ಮಾಡೂ ಬದನಿಕಾಯಿ ಪಲ್ಲೆ ನೆನಪಾತು. ಅದನ್ನು ಬರೆಯಲಿಲ್ಲ — ಸುಳ್ಳು ಯಾಕೆ, ಬರೆದೆ, ಸಣ್ಣ ಅಕ್ಷರದಲ್ಲಿ. ಎದುರಿಗೆ ಕುಳಿತರೆ ಬಾಯಿಗೆ ಬೀಗ ಹಾಕಿಕೊಳ್ಳುವ ಮನುಷ್ಯ, ನಲವತ್ತು ಮೈಲು ದೂರ ಹೋದರೆ ಮಾತು ಬರುತ್ತಿತ್ತು. ತೆರಿಗೆ ಲೆಕ್ಕ ಮಾಡುವ ಸಂಗಪ್ಪನವರು ಪುಸ್ತಕ ತಿರುವಿ ನಕ್ಕರಂತೆ, ಏನಪಾ ಉಮೇರ, ಈ ನವಲನ್ನ ಯಾವ ಖರ್ಚಿನಾಗ ಹಾಕೂಣು.

ನಗಲಿ, ನಗುವುದಕ್ಕೆ ನಾನೇ ದಾರಿ ಮಾಡಿಕೊಟ್ಟವಳು. ಲಾರಿಯ ಮೀಟರ್ ಕೆಟ್ಟಿತ್ತು, ಸವದತ್ತಿಯಲ್ಲಿ ಹೊಸದು ಹಾಕಿಸಿದರು, ಹೊಸದು ಸೊನ್ನೆಯಿಂದ ಶುರು. ಇಂಜಿನ್ ಆಯಿಲ್ ಯಾವ ಅಂಕಿಗೆ ಬದಲಿಸಬೇಕು ಅನ್ನುವುದನ್ನು ನಾನು ಪುಸ್ತಕದ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡುವ ರೂಢಿ, ಮೂರು ಲಕ್ಷ ಐವತ್ತೆರಡು ಸಾವಿರ, ಅದು ಹಳೇ ಮೀಟರಿನ ಅಂಕಿ, ಅದನ್ನು ಹೊಸ ಮೀಟರಿಗೆ ತಕ್ಕಂತೆ ತಿದ್ದಬೇಕಿತ್ತು, ತಿದ್ದಲಿಲ್ಲ. ಹೊಸ ಮೀಟರ್ ಎಂಟು ಸಾವಿರ ಅಂದಿತು, ಹದಿನೈದು ಅಂದಿತು, ಇಪ್ಪತ್ತಾರು ಅಂದಿತು, ನಾನು ಪ್ರತಿ ಸಲ ರಟ್ಟು ನೋಡುವುದು, ಮೂರು ಲಕ್ಷಕ್ಕೆ ಇನ್ನೂ ಎಷ್ಟು ದೂರ ಅನ್ನುವುದು. ಅವರೊಮ್ಮೆ ಕೇಳಿದರು, ಆಯಿಲ್ ಯಾವಾಗೈತಿ, ನಾನು ರಾಣಿಯ ಹಾಗೆ ಅಂದೆ, ಇನ್ನ ಭಾಳ ಐತ್ರಿ. ನೇಸರಗಿ ಹತ್ತಿರ ಏರಿನಲ್ಲಿ ಇಂಜಿನ್ ಹಿಡಿದುಕೊಂಡು ನಿಂತೇ ಹೋಯಿತು. ಮಿಸ್ತ್ರಿ ಅಜಿತ ಬೆರಳು ಅದ್ದಿ ತೋರಿಸಿದನಂತೆ, ಇದು ಆಯಿಲ್ ಅಲ್ರಿ ಮಲ್ಲಿಕಸಾಬರ, ಡಾಂಬರ. ನಲವತ್ತು ದಿನ ಗಾಡಿ ಗ್ಯಾರೇಜಿನಲ್ಲಿ, ಗಾಡಿಯ ಮಾಲಕ ಮನೆಯ ಕಟ್ಟೆಯ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಒಂದು ಮಾತು ಬೈಯಲಿಲ್ಲ ಅವರು, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗಾಡಿ ರಿಪೇರಿಯಾದ ಮೇಲೆ ಉಮೇರ ಅದರೊಳಗೆ, ಎಲ್ಲಿದೆ ಎಷ್ಟು ಓಡಿತು ಅಂತ ಫೋನಿಗೆ ತಿಳಿಸುವ ಈ ಯಂತ್ರ ಕೂರಿಸಿದ, ಇನ್ನ ಗಾಡಿ ತನ್ನ ಲೆಕ್ಕ ತಾನ ಇಟಗೊಂತೈತಿ ಅಂದ, ನಾಚಿಕೆಗೆ ಸಿಟ್ಟು ಬೆರೆಸಿ ಗಂಡನಿಗೆ ನಾನೇ ಅಂದೆ, ಇನ್ನ ದಾರ್ಯಾಗಿಂದ ನನಗ ಫೋನ್ ಹಚ್ಚಬ್ಯಾಡ್ರಿ, ನಾ ಏನೂ ಬರಕೊಳ್ಳಂಗಿಲ್ಲ. ಹೂಂ ಅಂದರು. ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹೂಂ ಅನ್ನು ತಿಂಗಳಿಡೀ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಅವರಿಗೂ ಅದೇ ಬೇಕಾಗಿತ್ತೇನೋ, ನನ್ನ ಪುಸ್ತಕದ ಮೇಲೆ ನಂಬಿಕೆ ಹೋಗಿತ್ತು, ಪುಸ್ತಕದ ಮೇಲೆ ಹೋದರೆ ನನ್ನ ಮೇಲೂ ಹೋದ ಹಾಗೆ. ಈಗ ಮನೆಗೆ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ, ನವಿಲು ಅಡ್ಡ ಬಂದಿತ್ತೋ ಇಲ್ಲವೋ ಯಾರಿಗೆ ಗೊತ್ತು. ಯಂತ್ರಕ್ಕೆ ಷರಾ ಕಾಲಮ್ಮಿಲ್ಲ.

ಬಿಬಿಜಾನಕ್ಕಾ, ಹೊಗಿ ಬರಾಕತ್ತೈತಿ, ರೊಟ್ಟಿ ಹೊತ್ತತ ನೋಡ — ಗೋಡೆಯಾಚೆಯಿಂದ ಪಕ್ಕದ ಮನೆಯ ಕರೆವ್ವ, ಅವಳ ಮೂಗಿಗೆ ನನ್ನ ಒಲೆಯದೇ ಕಾವಲು, ಹೌದವ್ವಾ ಹೊತ್ತಿದೆ, ಒಂದು ಮಗ್ಗಲು ಕರ್ರಗೆ. ನಿಂತಿದೆ, ಆರು ನಿಮಿಷ. ಮತ್ತೆ ಇಂಜಿನ್ನೇ? ಅಲ್ಲ, ಹೋದ ವಾರ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ನಿಂತಿದ್ದರಲ್ಲ, ಏನ್ರಿ ಅಂದರೆ ಗ್ಯಾಸ ಅಂದರು, ಗ್ಯಾಸಿಗೆ ಹಣೆ ಬೆವರುತ್ತದೆಯೇ, ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡು, ಯಾ ಅಲ್ಲಾ, ಆ ಖಾಲಿ ರಸ್ತೆಯಲ್ಲಿ ಯಾರು ನೋಡುತ್ತಾರೆ. ಫೋನು ಹಚ್ಚಲೇ, ಬೇಡ ಎಂದವಳು ನಾನು, ಯಾವ ಮುಖ ಹೊತ್ತು ಹಚ್ಚಲಿ, ಏನೂ ಆಗಿರದಿದ್ದರೆ ಮತ್ತೆ ಹೂಂ ಅಂದುಬಿಟ್ಟರೆ. ಇಪ್ಪತ್ತೆರಡು ಕಿಲೋಮೀಟರಿನಲ್ಲಿ ಏನಿದೆ, ಯಂತ್ರಕ್ಕೆ ಗೊತ್ತಿಲ್ಲ, ಪುಸ್ತಕಕ್ಕೆ ಗೊತ್ತಿರಬಹುದು, ಅಕ್ಕಿ ಡಬ್ಬಿಯ ಹಿಂದೆ ತುರುಕಿದ್ದು ಇನ್ನೂ ಅಲ್ಲೇ ಇದೆ, ಕೈಯ ಹಿಟ್ಟು ಹಾಳೆಗೆಲ್ಲ, ಆಗಲಿ. ಇದು ಹೊಸ ಮೀಟರಿನ ಪುಟ, ರಾಮದುರ್ಗ, ನಾಲ್ಕು ಸಾವಿರದ ನೂರಾ ಹತ್ತು, ಅದರ ಕೆಳಗೆ ದಾರಿಯಲ್ಲಿ, ನಾಲ್ಕು ಸಾವಿರದ ನೂರಾ ಮೂವತ್ತೆರಡು, ಕಳೆದರೆ ಇಪ್ಪತ್ತೆರಡು. ಹಿಂದಿನ ಪುಟ, ರಾಮದುರ್ಗ, ದಾರಿಯಲ್ಲಿ, ಇಪ್ಪತ್ತೆರಡು. ಅದಕ್ಕೂ ಹಿಂದೆ ಹಳೇ ಮೀಟರಿನ ಕಾಲದ್ದು, ಇಪ್ಪತ್ಮೂರು, ಇಪ್ಪತ್ತೆರಡು, ಇಪ್ಪತ್ತೆರಡು. ಷರಾದಲ್ಲಿ ನನ್ನದೇ ಅಕ್ಷರ, ನೆರಳಿದೆ. ಮತ್ತೊಂದರಲ್ಲೂ ನೆರಳಿದೆ. ಇಲ್ಲೆ ನೆಳ್ಳೂ ಐತಿ, ರೇಂಜೂ ಸಿಗತೈತಿ, ಬರ್ಕೊ, ಅನ್ನುತ್ತಿದ್ದರು, ಇಲ್ಲೆ ಅಂದರೆ ಎಲ್ಲಿ ಅಂತ ಇಷ್ಟು ವರ್ಷ ನಾನು ಕೇಳಿದವಳೇ ಅಲ್ಲ.

ಅಲ್ಲಿ ಹೋಟೆಲಿಲ್ಲ, ಪಂಪಿಲ್ಲ, ಊರಿಲ್ಲ. ಅಲ್ಲಿ ಅವರು ನಿಲ್ಲುತ್ತಿದ್ದುದು ನನಗೆ ಫೋನು ಹಚ್ಚುವುದಕ್ಕೆ. ಫೋನು ಬೇಡ ಅಂದೆ, ಫೋನು ಬಿಟ್ಟರು, ನಿಲ್ಲುವುದನ್ನು ಬಿಟ್ಟಿಲ್ಲ — ಹಾಗಿರಬಹುದೇ, ಹಾಗಲ್ಲದೆ ಎದೆನೋವೇ ಆಗಿದ್ದರೆ, ನಿಂತಿದೆ, ಹತ್ತು ನಿಮಿಷ, ಸಾಕು, ಮುಖ ಇದ್ದರಿರಲಿ ಇಲ್ಲದಿದ್ದರಿರಲಿ, ನನ್ನ ಫೋನಿನಿಂದ ಹಚ್ಚುತ್ತೇನೆ, ಹಿಟ್ಟಿನ ಬೆರಳಿಗೆ ಅದರ ಗಾಜು ಓಗೊಡುವುದಿಲ್ಲ, ಸೆರಗಿಗೆ ಒರೆಸಿ ಮತ್ತೆ ಒತ್ತಿದೆ, ಒಂದು ರಿಂಗು ಪೂರಾ ಆಗಲಿಲ್ಲ, ಎತ್ತಿದರು. ಕೈಯಲ್ಲೇ ಹಿಡಿದು ಕುಳಿತಿದ್ದರು. ಇಂಜಿನ್ ಸಪ್ಪಳವಿಲ್ಲ, ಗಾಳಿಯ ಸಪ್ಪಳ, ಯಾವುದೋ ಹಕ್ಕಿ, ಅವರ ಉಸಿರು. ಹಲೋ ಇಲ್ಲ, ಏನು ಅಂತಿಲ್ಲ. ನನ್ನ ಕಣ್ಣು ತುಂಬಿ ಕಾಲಮ್ಮಿನ ಗೆರೆಗಳೆಲ್ಲ ಒಂದರೊಳಗೊಂದು ಹೋದವು. ಬರ್ಕೊ, ಅಂದರು. ಪೆನ್ನು ಹಿಡಿದೆ, ಹೇಳ್ರಿ ಅಂದೆ, ಅಂಕಿ ಹೇಳಲಿಲ್ಲ ಅವರು, ನಾನೂ ಕೇಳಲಿಲ್ಲ, ಹಿಟ್ಟಿನ ಡಬ್ಬಿಗೆ ಒರಗಿದ ಗಾಜಿನಲ್ಲಿ ನೀಲಿ ಚುಕ್ಕಿ, ನಿಂತಿದೆ, ಹನ್ನೊಂದು ನಿಮಿಷ, ನಿಂತಿದೆ, ಹನ್ನೆರಡು, ನಿಂತಿದೆ.