ಕೋಳಿಗೆ ಶೀತ ಬಿಟ್ಟಾಗ

ತೇಮಾ ಬಂದರಿನ ಸಮಸ್ತ ನಾಗರಿಕರ ಗಮನಕ್ಕೆ: ಓಕಾಯ್ ಅಜ್ಜನ ಜಗಲಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಂದಿಳಿದಿದೆ. ಒಳಗೆ ಮಂಜುಗಟ್ಟಿಸಿದ ಕೋಳಿ ಮಾಂಸ. ಪರದೇಶದಿಂದ ಹಡಗು ಹತ್ತಿ ಬಂದದ್ದು. ಅರ್ಧ ಬೆಲೆ!

ನಾಳೆ ಬೆಳಕು ಹರಿಯುತ್ತಲೇ ಮೊಮ್ಮಗಳ ನಾಮಕರಣ. ಇಡೀ ಓಣಿಗೆ ಊಟ. ಬಾಣಂತಿ ಮಗಳು ಆಕ್ವೆಲೆ ಮಾತ್ರ ಪೆಟ್ಟಿಗೆಯನ್ನು ಹಾವು ಕಂಡಂತೆ ನೋಡುತ್ತಿದ್ದಳು. ಹೋದ ತಿಂಗಳು ಹಿಂದಿನ ಬೀದಿಯ ಮದುವೆಯಲ್ಲಿ ಇಂಥದ್ದೇ ಕೋಳಿ ಉಂಡವರು ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿದ್ದರು. ಒಬ್ಬ ಮುದುಕಿ ಮನೆಗೆ ಮರಳಲೇ ಇಲ್ಲ.

"ಅಪ್ಪಾ, ವ್ಯಾಪಾರಿ ಇಷ್ಟು ಅಗ್ಗಕ್ಕೆ ಯಾಕೆ ಕೊಟ್ಟ?"

"ನನ್ನ ಮುಖ ನೋಡಿ ಕೊಟ್ಟ ಕಣೆ!"

"ಅದಕ್ಕೇ ನಂಗೆ ಭಯ."

ಪಕ್ಕದ ಮನೆಯ ಚೋಚೋಳನ್ನು ಕೂಗಿದಳು. ಚೋಚೋ ಬಂದರಿನಲ್ಲಿ ಮಾಂಸ ತಪಾಸಣೆ ಮಾಡುವವಳು. ಪೆಟ್ಟಿಗೆ ಬಿಚ್ಚಿ ಇಣುಕಿದಳು. ತಳದ ಮೂಲೆಯಲ್ಲಿ ಕೆಂಪು ಮಂಜುಗಡ್ಡೆ.

"ಮಾವ, ಇದು ದಾರೀಲಿ ಕರಗಿ, ರಕ್ತದ ನೀರು ಕೆಳಗಿಳಿದು, ಮತ್ತೆ ಗಟ್ಟಿಯಾಗಿದೆ. ಕೋಳಿಗೆ ಶೀತ ಬಿಟ್ರೆ ನಮಗೆ ಜ್ವರ ಹಿಡಿಯುತ್ತೆ."

"ಚೆನ್ನಾಗಿ ಬೇಯಿಸಿದ್ರಾಯ್ತು. ಎಲ್ಲಾ ಸಾಯುತ್ತೆ ಬಿಡು."

"ಕ್ರಿಮಿ ಸಾಯಬಹುದು. ಅದು ಬಿಟ್ಟುಹೋದ ವಿಷ ಎಷ್ಟೋ ಸಲ ಕುದಿಸಿದ್ರೂ ಹೋಗಲ್ಲ. ಮತ್ತೆ ಹಸಿ ಕೋಳಿ ಮುಟ್ಟಿದ ಕೈ? ಅದೇ ಕೈಲಿ ತಾನೇ ಮಗು ಎತ್ಕೊಳ್ಳೋದು?"

ಆಕ್ವೆಲೆ ಮಗುವನ್ನು ಎದೆಗವಚಿಕೊಂಡಳು. "ನಾನು ಮಲಗಿಬಿಟ್ರೆ ಇವಳಿಗೆ ಹಾಲು ಯಾರು ಕೊಡ್ತಾರಪ್ಪಾ?"

ಅಜ್ಜ ಕೋಳಿಗಿಂತ ತಣ್ಣಗಾದ. ಆದರೂ ಸೋಲಲಿಲ್ಲ. ಎದೆಯುಬ್ಬಿಸಿ ಪೆಟ್ಟಿಗೆ ತಿರುಗಿಸಿದ. "ಏನಮ್ಮಾ ಇದು? ಸರ್ಕಾರಿ ಮುದ್ರೆ! ಮುದ್ರೆ ಇದ್ಮೇಲೆ ನೆಮ್ಮದಿಯಾಗಿ ನಿದ್ರೆ ಮಾಡಿ!"

ಚೋಚೋ ಬಗ್ಗಿ ಓದಿದಳು. "ಮುದ್ರೆ ಅಸಲಿ ಮಾವ. ತಾರೀಖೂ ಸರಿಯಾಗಿದೆ."

"ನೋಡಿದ್ರಾ!"

"ಆದ್ರೆ ಇದು ಬಂಗುಡೆ ಮೀನಿನ ಪೆಟ್ಟಿಗೆ."

ಅಜ್ಜ ಕನ್ನಡಕ ಹಾಕಿಕೊಂಡ, ಓದಿದ, ಕೂತುಬಿಟ್ಟ. ಪೆಟ್ಟಿಗೆಯನ್ನು ಆಚೆ ತಳ್ಳಿ ತಾನೇ ಅಂದ: "ಇದನ್ನ ನಾಯಿಗೂ ಹಾಕ್ಬೇಡಿ. ನಾಳೆ ಅವರೆಕಾಳು ಬೇಯಿಸೋಣ."

ಪೆಟ್ಟಿಗೆ ಚೋಚೋಳ ಜೊತೆ ಕಚೇರಿಗೆ ಹೋಯಿತು, ದೂರಿನ ಸಮೇತ.

ಅಕ್ಕಂದಿರೇ, ಅಣ್ಣಂದಿರೇ, ಮುದ್ರೆ ಇದೆಯೇ ಎಂದಷ್ಟೇ ನೋಡಬೇಡಿ, ಯಾವುದರ ಮುದ್ರೆ ಎಂದೂ ಓದಿ. ತಳದಲ್ಲಿ ಕೆಂಪು ಮಂಜುಗಡ್ಡೆ ಕಂಡರೆ ಕೊಳ್ಳಬೇಡಿ, ತಪಾಸಣೆಯವರಿಗೆ ತಿಳಿಸಿ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ವ್ಯಾಪಾರಿ ನಿಮ್ಮ ಮುಖ ನೋಡಿ ಅಗ್ಗಕ್ಕೆ ಕೊಟ್ಟರೆ, ನೀವು ಪೆಟ್ಟಿಗೆಯ ಮುಖ ನೋಡಿ.